ಗೈಡ್ ಮುಂದಿದ್ದರೂ ಲೈಸೆನ್ಸ್ ನಿಮ್ಮದೇ ಬೇಕು

"ಟೂರಿನವರು ಎಲ್ಲ ನೋಡಿಕೊಳ್ತಾರೆ, ನಾವು ಹೆಲ್ಮೆಟ್ ಹಾಕಿಕೊಂಡು ಹೋದರಾಯ್ತು." ಥಾಯ್ಲೆಂಡಿಗೋ ವಿಯೆಟ್ನಾಮಿಗೋ ಬೈಕ್ ಟೂರ್ ಬುಕ್ ಮಾಡಿದವರು ಆಡುವ ಮಾತಿದು. ಹೋಟೆಲು, ಬಾಡಿಗೆ ಬೈಕು, ಲಗೇಜು ಹೊರುವ ವ್ಯಾನು ಅವರ ಹೊಣೆ, ನಿಜ. ಆದರೆ ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದಾಗ ಕೇಳುವುದು ಸವಾರನ ಲೈಸೆನ್ಸನ್ನು.

ಹೆಚ್ಚು ಜನ ಎಡವುವುದೂ ಇಲ್ಲೇ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಕೈಯಲ್ಲಿದ್ದರೆ ಯಾವ ದೇಶದಲ್ಲಾದರೂ ಗಾಡಿ ಓಡಿಸಬಹುದು ಎಂಬುದು ಗಟ್ಟಿ ನಂಬಿಕೆ. ಅದು ತಪ್ಪು. ನಮ್ಮ ಆರ್‌ಟಿಓ ಕೊಡುವುದು 1949ರ ಜಿನೀವಾ ಒಪ್ಪಂದದ ಐಡಿಪಿ. ಥಾಯ್ಲೆಂಡ್ ಆ ಒಪ್ಪಂದದಲ್ಲಿದೆ, ಹಾಗಾಗಿ ಅಲ್ಲಿ ನಡೆಯುತ್ತದೆ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಭಾರತ ಅದಕ್ಕೆ ಸೇರಿಲ್ಲ. ವಿಯೆಟ್ನಾಮಿನ ಹಾ ಜಿಯಾಂಗ್‌ನ ಬೆಟ್ಟದ ದಾರಿಯ ವಿಡಿಯೊ ನೋಡಿ ಆಸೆಪಟ್ಟವರಿಗೆ ಇದು ಕಹಿ ಸುದ್ದಿ. ಅಲ್ಲಿ ಸ್ಥಳೀಯ ಸವಾರನ ಹಿಂದೆ ಕೂತು ಹೋಗುವ 'ಈಸಿ ರೈಡರ್' ವ್ಯವಸ್ಥೆಯಿದೆ. ನನ್ನನ್ನು ಕೇಳಿದರೆ ಅದೇ ವಾಸಿ, ಹಿಂದೆ ಕೂತರೆ ಮಾನವೇನೂ ಹೋಗುವುದಿಲ್ಲ. ಭೂತಾನಿನ ಲೆಕ್ಕ ಬೇರೆ: ಅಲ್ಲಿ ನಮ್ಮ ಡಿಎಲ್ಲೇ ಸಾಕು.

ಐಡಿಪಿಯ ಅವಧಿ ಒಂದು ವರ್ಷ. ಮೂಲ ಡಿಎಲ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಡಿಎಲ್‌ನಲ್ಲಿ ಕಾರು ಮಾತ್ರ ಇದ್ದರೆ ಐಡಿಪಿಯಲ್ಲೂ ಕಾರೇ ಬರುತ್ತದೆ. ಗೇರ್ ಬೈಕಿನ ನಮೂದು ಇದೆಯೇ ಎಂದು ಮೊದಲು ನೋಡಿ.

ಟ್ರಾವೆಲ್ ಇನ್ಶೂರೆನ್ಸ್ ಇದ್ದರೆ ಬಿದ್ದಾಗ ಖರ್ಚು ಬರುತ್ತದೆ ಎಂಬುದು ಇನ್ನೊಂದು ನಂಬಿಕೆ. ಎಷ್ಟೋ ಪಾಲಿಸಿಗಳು ಬೈಕ್ ಸವಾರಿಯನ್ನು ಹೊರಗಿಡುತ್ತವೆ, ಇಲ್ಲವೇ ಇಂತಿಷ್ಟು ಸಿಸಿಯವರೆಗೆ ಮಾತ್ರ ಒಪ್ಪುತ್ತವೆ. ಆ ದೇಶದಲ್ಲಿ ಸಲ್ಲುವ ಲೈಸೆನ್ಸ್ ಇಲ್ಲದೆ ಓಡಿಸಿದ್ದರೆ ಕ್ಲೇಮು ಸಿಗುವುದು ಕಷ್ಟ. ಬಾಡಿಗೆ ಬೈಕಿನ ವಿಮೆ ಬೈಕಿಗೆ, ನಿಮ್ಮ ಮೂಳೆಗಲ್ಲ.

"ಬೆಂಗಳೂರಿಂದ ಗೋವಾಕ್ಕೆ ಒಂದೇ ದಿನ ಹೋದವನು ನಾನು, ದಿನಕ್ಕೆ ನೂರೈವತ್ತು ಕಿಲೋಮೀಟರ್ ಯಾವ ಲೆಕ್ಕ?" ಎನ್ನುವವರೂ ಇದ್ದಾರೆ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಿಂದ ಹೊರಟು ಮೇ ಹಾಂಗ್ ಸಾನ್ ಸುತ್ತಿ ಬರುವ ದಾರಿ ಸುಮಾರು 600 ಕಿಲೋಮೀಟರ್. ಅದರಲ್ಲಿ 1,864 ತಿರುವುಗಳಿವೆ ಎಂಬುದು ಅಲ್ಲಿನ ಪ್ರಸಿದ್ಧ ಲೆಕ್ಕ. ಕಿಲೋಮೀಟರಿಗೆ ಮೂರು! ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಹಿಡಿದು ಕೂತ ಅನುಭವ ಅಲ್ಲಿ ಕೆಲಸಕ್ಕೆ ಬಾರದು. ಆಗುಂಬೆ ಘಾಟಿಯನ್ನು ಬೆಳಿಗ್ಗೆ ಹತ್ತಿ ಇಳಿದು, ಮಾರನೆಯ ದಿನ ಮತ್ತೆ ಹತ್ತಿ ನೋಡಿ. ಎರಡನೆಯ ದಿನ ಮಣಿಕಟ್ಟು, ಭುಜ ಏನು ಹೇಳುತ್ತವೆ ಎಂಬುದೇ ಪರೀಕ್ಷೆ.

ಗುಂಪಿನಲ್ಲಿ ಗೈಡಿನ ಹಿಂದೆಯೇ ಅಂಟಿಕೊಂಡಿರಬೇಕು ಎಂಬ ಭಯವೂ ಬೇಡ. ಅನೇಕ ಟೂರುಗಳಲ್ಲಿ ಕ್ರಮ ಹೀಗಿರುತ್ತದೆ: ಕವಲುದಾರಿ ಬಂದಾಗ ಗೈಡು ಬೆರಳು ತೋರಿಸುತ್ತಾರೆ, ಅವರ ಹಿಂದಿನ ಸವಾರ ಅಲ್ಲೇ ಬದಿಗೆ ನಿಂತು ಬಂದವರಿಗೆಲ್ಲ ದಾರಿ ತೋರುತ್ತಾನೆ. ಕೊನೆಯಲ್ಲಿ ಬರುವ ಸ್ವೀಪ್ ರೈಡರ್ ಕಂಡ ಮೇಲೆ ಹೊರಡುತ್ತಾನೆ. ಪ್ರತಿ ಕವಲಿನಲ್ಲೂ ನಿಲ್ಲುವವನು ಬದಲಾಗುತ್ತಾನೆ. ನಿಧಾನ ಹೋಗುವವರು ನಿಧಾನವೇ ಹೋಗಬಹುದು. ನಿಂತವನು ಬೇಸರವಾಗಿ ಜಾಗ ಬಿಟ್ಟರೆ ಮಾತ್ರ ಹಿಂದಿನವರೆಲ್ಲ ದಾರಿ ತಪ್ಪುತ್ತಾರೆ.

ಬಟ್ಟೆಯ ವಿಷಯ ಚಿಕ್ಕದು. ಸೆಖೆಯೆಂದು ಜಾಕೆಟ್ ಬಿಡಬೇಡಿ, ಗಾಳಿಯಾಡುವ ಮೆಶ್ ಜಾಕೆಟ್ ಸಿಗುತ್ತದೆ. ಹೆಲ್ಮೆಟ್, ಗ್ಲೌಸ್ ನಿಮ್ಮವೇ ಇರಲಿ.

ಪರೀಕ್ಷೆ ಮುಗಿದು ರಜೆ ಸಿಗುವುದು ಮಾರ್ಚ್, ಏಪ್ರಿಲಿನಲ್ಲಿ ಎಂದು ಆಗಲೇ ಉತ್ತರ ಥಾಯ್ಲೆಂಡಿಗೆ ಹೊರಡಬೇಡಿ. ಆಗ ಹೊಲ, ಕಾಡುಗಳ ಬೆಂಕಿಯ ಹೊಗೆ ಕಣಿವೆಗಳಲ್ಲಿ ಕಟ್ಟಿಕೊಳ್ಳುತ್ತದೆ, ಬೆಟ್ಟವೇ ಕಾಣುವುದಿಲ್ಲ. ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಮುಂಗಡ ಕಟ್ಟುವ ಮೊದಲು ಟೂರಿನವರಿಂದ ಎರಡು ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ನನ್ನ ಐಡಿಪಿ ಅಲ್ಲಿ ಸಲ್ಲುತ್ತದೆಯೇ, ಬೈಕ್ ಎಷ್ಟು ಸಿಸಿ? ಆ ಉತ್ತರಗಳನ್ನೇ ಇನ್ಶೂರೆನ್ಸ್ ಕಂಪನಿಗೆ ಕಳಿಸಿ, ಅವರ ಒಪ್ಪಿಗೆ ಬಂದ ಮೇಲೆ ಹಣ ಕಟ್ಟಿ.