ಡೀಸೆಲ್ಲಿನ ಬೆಲೆಯೂ ಹಳ್ಳಿಯ ಪಿಕಪ್ ಗಾಡಿಯೂ

ನವಲಗುಂದದ ಎರೆ ಸೀಮೆಯಲ್ಲಿ ಉಳ್ಳಾಗಡ್ಡಿಯನ್ನು ಕಿತ್ತು ಚೀಲ ತುಂಬುವ ಕಾಲ ಬಂದಿತೆಂದರೆ, ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಹೋಗುವ ಹಾದಿಯಲ್ಲಿ ಬೆಳಗಿನ ಜಾವದಿಂದಲೇ ಚಿಕ್ಕ ಸರಕುಗಾಡಿಗಳ ಸಾಲು ಕಾಣತೊಡಗುತ್ತದೆ. ಅಣ್ಣಿಗೇರಿಯ ಕಡೆಯ ಹತ್ತಿ ಮತ್ತು ಕಡಲೆ, ಕುಂದಗೋಳದ ಕಡೆಯ ಮೆಣಸಿನಕಾಯಿ ಮತ್ತು ಶೇಂಗಾ, ಕಲಘಟಗಿಯ ಕಡೆಯ ಭತ್ತ ಮತ್ತು ಗೋವಿನಜೋಳ ಇವೆಲ್ಲವೂ ಇಂದು ಬಹುಮಟ್ಟಿಗೆ ಪೇಟೆ ಸೇರುವುದು ಟ್ರ್ಯಾಕ್ಟರುಗಳ ಮೇಲೆ, ಇಲ್ಲವೆ ಪಿಕಪ್ ಎಂದು ಜನ ಕರೆಯುವ ಗಾಡಿಗಳ ಮೇಲೆ. ಹಿಂದೆ ಚಕ್ಕಡಿಯು ಮಾಡುತ್ತಿದ್ದ ಕೆಲಸವನ್ನು ಈಗ ಇವು ವಹಿಸಿಕೊಂಡಿವೆ.

ಡೀಸೆಲ್ಲಿನ ಬೆಲೆ ಏರಿದಾಗಲೆಲ್ಲ ಈ ಗಾಡಿಗಳ ಒಡೆಯರ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಗಾಡಿಯನ್ನು ಇಟ್ಟುಕೊಳ್ಳಬೇಕೆ, ಮಾರಿಬಿಡಬೇಕೆ? ಇದು ಸಣ್ಣ ಪ್ರಶ್ನೆಯಲ್ಲ. ಸಾಲ ಮಾಡಿ ಕೊಂಡ ಗಾಡಿಯನ್ನು ಅವಸರದಲ್ಲಿ ಮಾರಿದರೆ ಮತ್ತೆ ಕೊಳ್ಳುವುದು ಕಷ್ಟ. ಲೆಕ್ಕವಿಲ್ಲದೆ ಇಟ್ಟುಕೊಂಡರೆ ಹೊಲದ ದುಡಿಮೆಯನ್ನೆಲ್ಲ ಅದೇ ನುಂಗೀತು. ಗಾಬರಿಯಿಂದ ಇದಕ್ಕೆ ಉತ್ತರ ದೊರೆಯದು. ಸ್ವಲ್ಪ ಭೌತವಿಜ್ಞಾನ, ಸ್ವಲ್ಪ ಅಂಕಗಣಿತ ಇವೆರಡೂ ಸೇರಿದರೆ ಉತ್ತರವು ತಾನಾಗಿಯೇ ಹೊರಬೀಳುತ್ತದೆ. ಅದನ್ನು ಹಂತಹಂತವಾಗಿ ನೋಡೋಣ.

ಬೆಲೆಯ ಏರಿಳಿತ

ಇಂಧನದ ಬೆಲೆಯ ಏರಿಕೆ ನಮ್ಮ ಕಾಲಕ್ಕೆ ಮಾತ್ರ ಸೇರಿದುದಲ್ಲ. ೧೯೭೩ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದ ಯುದ್ಧದ ಬೆನ್ನಿಗೆ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಪೀಪಾಯಿಗೆ ಸುಮಾರು ೩ ಡಾಲರಿನಿಂದ ೧೨ ಡಾಲರಿನ ಸಮೀಪಕ್ಕೆ ಜಿಗಿಯಿತು. ಭಾರತವು ತನಗೆ ಬೇಕಾದ ಕಚ್ಚಾ ತೈಲದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುವುದರಿಂದ, ದೂರದ ಕೊಲ್ಲಿಯಲ್ಲಿ ಎದ್ದ ಅಲೆ ನಮ್ಮ ಹಳ್ಳಿಯನ್ನೂ ಮುಟ್ಟುತ್ತದೆ. ೨೦೧೪ರ ಅಕ್ಟೋಬರಿನಲ್ಲಿ ಡೀಸೆಲ್ಲಿನ ಬೆಲೆಯು ಸರಕಾರದ ನಿಯಂತ್ರಣದಿಂದ ಬಿಡುಗಡೆಯಾಯಿತು. ೨೦೨೧ರ ಅಕ್ಟೋಬರಿನಲ್ಲಿ ಕರ್ನಾಟಕದ ಹಲವೆಡೆ ಅದು ಲೀಟರಿಗೆ ೧೦೦ ರೂಪಾಯಿಯನ್ನು ದಾಟಿತು. ಮರುತಿಂಗಳೇ ಕೇಂದ್ರ ಸರಕಾರವು ಸುಂಕವನ್ನು ೧೦ ರೂಪಾಯಿಯಷ್ಟು ಇಳಿಸಿತು; ರಾಜ್ಯವೂ ತನ್ನ ತೆರಿಗೆಯನ್ನು ತಗ್ಗಿಸಿತು. ಅನಂತರ ೨೦೨೪ರ ಜೂನಿನಲ್ಲಿಯೂ ೨೦೨೫ರ ಏಪ್ರಿಲಿನಲ್ಲಿಯೂ ರಾಜ್ಯದ ಮಾರಾಟ ತೆರಿಗೆ ಮತ್ತೆ ಏರಿತು.

ಬೆಲೆಯು ಒಮ್ಮೆ ಏರಿ ಒಮ್ಮೆ ಇಳಿಯುವಂಥದು, ಗಾಡಿಯ ಒಡೆಯನ ಕೈಯಲ್ಲಿಲ್ಲದ್ದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅವನ ಕೈಯಲ್ಲಿರುವುದು ಆ ಡೀಸೆಲ್ಲನ್ನು ಬಳಸುವ ರೀತಿ. ಲೆಕ್ಕದ ಅನುಕೂಲಕ್ಕಾಗಿ ನಾವು ಇಲ್ಲಿ ಲೀಟರಿಗೆ ೯೦ ರೂಪಾಯಿ ಎಂದು ಹಿಡಿಯೋಣ.

ಇಂಧನದ ಶಕ್ತಿ ಎಲ್ಲಿಗೆ ಹೋಗುತ್ತದೆ?

ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು ೩೬೦ ಲಕ್ಷ ಜೂಲ್‌ಗಳಷ್ಟು ಶಕ್ತಿ ಹೊರಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹೊಗೆಕೊಳವೆಯ ಮೂಲಕವೂ ರೇಡಿಯೇಟರಿನ ಮೂಲಕವೂ ಬಿಸಿಯಾಗಿ ಗಾಳಿಗೆ ಸೇರಿಹೋಗುತ್ತದೆ. ಗಾಲಿಗಳಿಗೆ ದಕ್ಕುವುದು ಕಾಲು ಭಾಗದ ಆಸುಪಾಸು. ಈ ಕಾಲು ಭಾಗವು ಮುಖ್ಯವಾಗಿ ಎರಡು ತಡೆಗಳೊಡನೆ ಸೆಣಸಬೇಕು.

ಮೊದಲನೆಯದು ಉರುಳುವಾಗಿನ ತಡೆ. ಗಾಡಿಯ ಭಾರಕ್ಕೆ ಟೈರು ಅಡಿಯಲ್ಲಿ ಚಪ್ಪಟೆಯಾಗಿ, ಮುಂದೆ ಉರುಳಿದೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಹೀಗೆ ಕ್ಷಣಕ್ಷಣಕ್ಕೂ ನಡೆಯುವ ಬಾಗು-ನೆಗೆತದಲ್ಲಿ ಶಕ್ತಿ ವ್ಯಯವಾಗುತ್ತದೆ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಈ ತಡೆಯು ಗಾಡಿಯ ಒಟ್ಟು ತೂಕದ ನೂರರಲ್ಲಿ ಒಂದರಿಂದ ಒಂದೂವರೆ ಪಾಲು. ಹೇರು ಸೇರಿ ೩,೦೦೦ ಕಿಲೋಗ್ರಾಂ ತೂಗುವ ಗಾಡಿಯನ್ನು ಎಳೆಯಲು ೩೦ರಿಂದ ೪೫ ಕಿಲೋಗ್ರಾಮಿನ ಸೆಳೆತ ಸಾಕು. ಮಳೆಯಲ್ಲಿ ನೆನೆದ ಎರೆ ಹೊಲದ ಬಂಡಿದಾರಿಯಲ್ಲಾದರೋ ಗಾಲಿಯು ತಾನೇ ತೋಡಿದ ಕುಳಿಯಿಂದ ಸದಾ ಮೇಲೇರುತ್ತಿರಬೇಕಾಗುವುದರಿಂದ ಈ ತಡೆ ಹತ್ತುಪಟ್ಟು ಹೆಚ್ಚಬಹುದು. ಇನ್ನು ಕಲಘಟಗಿಯ ಕಡೆಯ ಏರುತಗ್ಗುಗಳಲ್ಲಿ, ೨೦ ಅಡಿಗೆ ೧ ಅಡಿ ಏರುವ ಇಳಿಜಾರನ್ನು ಹತ್ತಲು ಅದೇ ಗಾಡಿಗೆ ಮತ್ತೂ ೧೫೦ ಕಿಲೋಗ್ರಾಮಿನ ಸೆಳೆತ ಬೇಕು.

ಎರಡನೆಯದು ಗಾಳಿಯ ತಡೆ. ಇದು ಗಾಡಿಯ ತೂಕವನ್ನು ಲೆಕ್ಕಿಸುವುದಿಲ್ಲ. ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ ೫೦ ಕಿಲೋಮೀಟರಿನ ಬದಲು ೮೦ ಕಿಲೋಮೀಟರಿನಲ್ಲಿ ಓಡಿಸಿದರೆ ಗಾಳಿಯ ತಡೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ಹೇರಿನ ಲೆಕ್ಕ

ಇಲ್ಲಿ ಒಂದು ಮುಖ್ಯವಾದ ಅಂಶವನ್ನು ಗಮನಿಸಬೇಕು. ಬರಿಗಾಡಿಯೂ ಅದೇ ಗಾಳಿಯನ್ನು ಸೀಳಬೇಕು. ಅದರ ಎಂಜಿನ್ನಿನ ಒಳಗಿನ ತಿಕ್ಕಾಟವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಹೇರು ಹಾಕಿ ತೂಕವನ್ನು ಸುಮಾರು ಇಮ್ಮಡಿ ಮಾಡಿದರೂ ಇಂಧನದ ವೆಚ್ಚ ಇಮ್ಮಡಿಯಾಗುವುದಿಲ್ಲ. ನಮ್ಮ ಉದಾಹರಣೆಯ ಗಾಡಿಯು ೧೨ ಕ್ವಿಂಟಲ್ ಹೇರಿನೊಡನೆ ಲೀಟರಿಗೆ ೧೨ ಕಿಲೋಮೀಟರ್, ಬರಿದಾಗಿ ೧೫ ಕಿಲೋಮೀಟರ್ ಓಡುವುದೆಂದು ಇಟ್ಟುಕೊಳ್ಳೋಣ.

ಮಾರುಕಟ್ಟೆಯಿಂದ ೪೦ ಕಿಲೋಮೀಟರ್ ದೂರದ ಹಳ್ಳಿಯಿಂದ ಉಳ್ಳಾಗಡ್ಡಿ ಹೊರಡುತ್ತದೆ. ಹೋಗುವಾಗ ಮೂರೂ ಕಾಲು ಲೀಟರಿಗಿಂತ ತುಸು ಹೆಚ್ಚು, ಬರಿದಾಗಿ ಮರಳುವಾಗ ಎರಡೂವರೆ ಲೀಟರಿಗಿಂತ ತುಸು ಹೆಚ್ಚು, ಒಟ್ಟು ೬ ಲೀಟರ್ ಬೇಕು. ಅದರ ಬೆಲೆ ೫೪೦ ರೂಪಾಯಿ. ಅಂದರೆ ಕ್ವಿಂಟಲಿಗೆ ೪೫ ರೂಪಾಯಿ. ಡೀಸೆಲ್ ೧೦ ರೂಪಾಯಿ ಏರಿತೆನ್ನಿ. ಕ್ವಿಂಟಲಿಗೆ ೫೦ ರೂಪಾಯಿ ಆಯಿತು. ಏರಿಕೆ ೫ ರೂಪಾಯಿ ಮಾತ್ರ.

ಈಗ ಬೆಲೆ ಏರಲಿಲ್ಲ, ಆದರೆ ಒಡೆಯನು ನಾಲ್ಕೇ ಕ್ವಿಂಟಲ್ ಹೇರಿಕೊಂಡು ಹೊರಟನೆನ್ನಿ. ಹೋಗಿಬರಲು ಐದೂವರೆ ಲೀಟರ್ ಬೇಕೇ ಬೇಕು. ಆಗ ಕ್ವಿಂಟಲಿಗೆ ತಗಲುವ ವೆಚ್ಚ ಸುಮಾರು ೧೨೪ ರೂಪಾಯಿ! ಲೀಟರಿಗೆ ೧೦ ರೂಪಾಯಿಯ ಏರಿಕೆಗಿಂತ ಅರೆಬರೆ ಹೇರು ಎಷ್ಟು ದುಬಾರಿಯೆಂಬುದನ್ನು ವಾಚಕರೇ ಕಾಣಬಹುದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದಕ್ಕಿಂತ, ಒಂದು ಕ್ವಿಂಟಲನ್ನು ಪೇಟೆ ಮುಟ್ಟಿಸಲು ಎಷ್ಟು ಲೀಟರ್ ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ನಿಂತಲ್ಲಿ ತಿನ್ನುವ ಎತ್ತು

ಎತ್ತು ಚಕ್ಕಡಿ ಎಳೆದ ದಿನವೂ ತಿನ್ನುತ್ತದೆ, ಗೋದಲಿಯಲ್ಲಿ ನಿಂತ ದಿನವೂ ತಿನ್ನುತ್ತದೆ. ಈ ಮಾತನ್ನು ನಮ್ಮ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಗಾಡಿಯು ನಿಂತಾಗ ಡೀಸೆಲ್ ಕುಡಿಯುವುದಿಲ್ಲವಾದ ಕಾರಣ ಅದು ಏನನ್ನೂ ತಿನ್ನುವುದಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ವಸ್ತುತಃ ಅದೂ ತಿನ್ನುತ್ತದೆ. ಮೇವಿನ ಬದಲು ಹಣವನ್ನು.

೯ ಲಕ್ಷ ರೂಪಾಯಿ ಕೊಟ್ಟು ತಂದ ಗಾಡಿಯು ಎಂಟು ವರ್ಷಗಳ ತರುವಾಯ ೩ ಲಕ್ಷಕ್ಕೆ ಮಾರಾಟವಾದೀತೆಂದು ಎಣಿಸೋಣ. ವರ್ಷಕ್ಕೆ ೭೫,೦೦೦ ರೂಪಾಯಿ ಸವಕಳಿ. ಬಡ್ಡಿ ಸರಾಸರಿ ೫೦,೦೦೦. ವಿಮೆ, ತೆರಿಗೆ, ಅರ್ಹತಾಪತ್ರ ಮುಂತಾದುವಕ್ಕೆ ೩೫,೦೦೦. ಒಟ್ಟು ೧,೬೦,೦೦೦ ರೂಪಾಯಿ. ಗಾಲಿ ಉರುಳಲಿ, ಉರುಳದಿರಲಿ, ದಿನಕ್ಕೆ ಸುಮಾರು ೪೩೮ ರೂಪಾಯಿ! ಇದು ನಿಂತ ವೆಚ್ಚ. ಓಡುವ ವೆಚ್ಚವೆಂದರೆ ಕಿಲೋಮೀಟರಿಗೆ ಡೀಸೆಲ್ ೬ ರೂಪಾಯಿ ೭೫ ಪೈಸೆ. ಟೈರು, ಎಣ್ಣೆ, ರಿಪೇರಿಗಳಿಗೆ ೩ ರೂಪಾಯಿ. ಒಟ್ಟು ೯ ರೂಪಾಯಿ ೭೫ ಪೈಸೆ. ಮನೆಯವರೇ ಓಡಿಸುತ್ತಾರೆಂದು ಹಿಡಿದಿದ್ದೇವೆ. ಬಾಡಿಗೆ ಗಾಡಿಗೆ ಹೋಗಿಬರುವ ದಾರಿ ಸೇರಿ ಕಿಲೋಮೀಟರಿಗೆ ೨೫ ರೂಪಾಯಿ ಎನ್ನೋಣ. ಹಾಗಾದರೆ ಸ್ವಂತ ಗಾಡಿಯಿಂದ ಪ್ರತಿ ಕಿಲೋಮೀಟರಿಗೂ ೧೫ ರೂಪಾಯಿ ೨೫ ಪೈಸೆ ಉಳಿಯುತ್ತದೆ. ಈ ಉಳಿತಾಯದಿಂದ ೧,೬೦,೦೦೦ ರೂಪಾಯಿ ತುಂಬಬೇಕಾದರೆ ಗಾಡಿಯು ವರ್ಷಕ್ಕೆ ಸುಮಾರು ೧೦,೫೦೦ ಕಿಲೋಮೀಟರ್ ಓಡಬೇಕು. ನಮ್ಮ ಹಳ್ಳಿಯಿಂದ ಪೇಟೆಗೆ ೧೩೧ ಬಾರಿ ಹೋಗಿಬರಬೇಕು.

ಡೀಸೆಲ್ ೧೦ ರೂಪಾಯಿ ಏರಿದರೆ ಈ ಗಡಿ ಎಷ್ಟು ಸರಿಯುತ್ತದೆ? ಸ್ವಂತ ಗಾಡಿಯ ಖರ್ಚು ಕಿಲೋಮೀಟರಿಗೆ ೭೫ ಪೈಸೆ ಏರುತ್ತದೆ. ಬಾಡಿಗೆಯು ಮಾತ್ರ ಏರದೆ ಇದ್ದರೆ ಗಡಿಯು ೧೧,೦೦೦ ಕಿಲೋಮೀಟರಿನ ಸುಮಾರಿಗೆ ಹೋಗುತ್ತದೆ. ಆದರೆ ಬಾಡಿಗೆಯವನೂ ಅದೇ ಬಂಕಿನಲ್ಲಿ ಡೀಸೆಲ್ ಹಾಕಿಸುವವನಷ್ಟೆ! ಅವನೂ ೭೫ ಪೈಸೆ ಏರಿಸಿದರೆ ಗಡಿಯು ಕೂದಲೆಳೆಯಷ್ಟೂ ಕದಲುವುದಿಲ್ಲ. ಬೆಲೆಯೇರಿಕೆಯು ಸ್ವಂತ ಗಾಡಿಗೂ ಬಾಡಿಗೆ ಗಾಡಿಗೂ ಸಮನಾಗಿ ತಗಲುವುದರಿಂದ, ಇವೆರಡರಲ್ಲಿ ಯಾವುದು ಮೇಲೆಂಬುದನ್ನು ಅದು ನಿರ್ಣಯಿಸಲಾರದು.

ವರ್ಷಕ್ಕೆ ೬೦ ಬಾರಿ, ಎಂದರೆ ೪,೮೦೦ ಕಿಲೋಮೀಟರ್ ಓಡಿಸುವ ಕುಟುಂಬವನ್ನು ನೋಡಿ. ಲೀಟರಿಗೆ ೧೦ ರೂಪಾಯಿಯ ಏರಿಕೆಯಿಂದ ಅದರ ಮೇಲೆ ಬೀಳುವ ಹೊರೆ ವರ್ಷಕ್ಕೆ ೩,೬೦೦ ರೂಪಾಯಿ. ಅಷ್ಟನ್ನು ಗಾಡಿಯು ಎಂಟೇ ದಿನ ಸುಮ್ಮನೆ ನಿಂತು ತಿಂದುಹಾಕುತ್ತದೆ. ಬಾಡಿಗೆಗಿಂತ ಅದಕ್ಕೆ ವರ್ಷಕ್ಕೆ ೮೬,೮೦೦ ರೂಪಾಯಿ ಹೆಚ್ಚು ಖರ್ಚು. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿಯೂ ಆ ಗಾಡಿ ಆ ಮನೆಗೆ ಹೊರೆಯೇ ಆಗಿತ್ತು. ಬೆಲೆಯೇರಿಕೆಯು ಅದನ್ನು ಕಣ್ಣಿಗೆ ಕಾಣಿಸಿತಷ್ಟೆ.

ಎರಡು ಎಚ್ಚರಿಕೆಗಳು

ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಬಾರದು. ಸಾಲ ತೀರಿದ ಹಳೆಯ ಗಾಡಿಯ ಲೆಕ್ಕ ಬೇರೆ. ಅದನ್ನು ಕೊಂಡ ಬೆಲೆ ಹೋಯಿತು. ಇಂದು ಮಾರಿದರೆ ಬರುವ ಬೆಲೆಯೇ ಲೆಕ್ಕಕ್ಕೆ ಬರತಕ್ಕದ್ದು. ಅದರ ನಿಂತ ವೆಚ್ಚ ೮೦,೦೦೦ಕ್ಕೆ ಇಳಿದು, ರಿಪೇರಿಯು ಕಿಲೋಮೀಟರಿಗೆ ೧ ರೂಪಾಯಿ ಹೆಚ್ಚಿದರೂ, ಗಡಿಯು ಸುಮಾರು ೫,೬೦೦ ಕಿಲೋಮೀಟರಿಗೆ ಬಂದುಬಿಡುತ್ತದೆ. ಸಾಲದ ಕಂತು ಕಟ್ಟುತ್ತಿರುವ ನೆರೆಯವನು ಮಾರಿದನೆಂದು ಇವನೂ ಮಾರುವುದು ಜಾಣತನವಲ್ಲ.

ಎರಡನೆಯದು ಕಾಲದ ಬೆಲೆ. ಸುಗ್ಗಿಯಲ್ಲಿ ಎಲ್ಲರಿಗೂ ಒಮ್ಮೆಲೇ ಗಾಡಿ ಬೇಕು. ಬಾಡಿಗೆ ಗಾಡಿ ಸಿಕ್ಕದೆ ಒಂದು ದಿನ ಕಳೆದರೆ ಮಳೆಗೆ ಸಿಕ್ಕಿದ ಉಳ್ಳಾಗಡ್ಡಿ ಕೊಳೆಯುತ್ತದೆ. ತಡವಾದ ಒಂದು ಹೇರಿನಿಂದ ಕ್ವಿಂಟಲಿಗೆ ೧೦೦ ರೂಪಾಯಿಯಂತೆ ೧,೨೦೦ ರೂಪಾಯಿ ನಷ್ಟವಾಗುವುದಾದರೆ, ಅಂಥ ಹೇರುಗಳು ವರ್ಷಕ್ಕೆ ಎಷ್ಟೆಂದು ಎಣಿಸಬೇಕು. ಹತ್ತಾದರೆ ೧೨,೦೦೦. ಇದು ಗಣ್ಯವಾದ ಮೊತ್ತವೇ ಸರಿ. ಆದರೆ ೮೬,೮೦೦ನ್ನು ಅದು ತುಂಬಲಾರದು.

ಬಿಡುವುದೋ, ತುಂಬುವುದೋ?

ಈ ಜಿಲ್ಲೆಗೆ ರೈಲು ಬಂದುದು ೧೮೮೦ರ ದಶಕದಲ್ಲಿ. ಅದಕ್ಕೆ ಮೊದಲು ಧಾರವಾಡ ಸೀಮೆಯ ಹತ್ತಿಯು ಎತ್ತುಗಳ ಬಲದಿಂದ ಘಟ್ಟವಿಳಿದು ಕುಮಟಾ ಬಂದರನ್ನು ಮುಟ್ಟುತ್ತಿತ್ತು. ಅಲ್ಲಿಂದ ಬಂಡಿಗಳು ಬರಿದಾಗಿ ಮರಳದೆ ಕರಾವಳಿಯ ಉಪ್ಪನ್ನೂ ತೆಂಗನ್ನೂ ಹೇರಿಕೊಂಡು ಬರುತ್ತಿದ್ದುವು. ಆ ಗಾಡಿಯವರು ಶಕ್ತಿಯ ಲೆಕ್ಕವನ್ನು ಪುಸ್ತಕದಲ್ಲಿ ಓದಿದವರಲ್ಲ. ಬರಿಗಾಡಿಯನ್ನು ಎಳೆಯುವ ಎತ್ತಿಗೂ ಹಿಂಡಿ ಹಾಕಲೇಬೇಕೆಂಬುದು ಅವರಿಗೆ ಗೊತ್ತಿತ್ತು.

ಇಂದಿನ ಪಿಕಪ್ಪಿಗೂ ಅದೇ ನೀತಿ. ಹುಬ್ಬಳ್ಳಿಯಿಂದ ಮರಳುವಾಗ ಗೊಬ್ಬರವನ್ನೋ ಸಿಮೆಂಟನ್ನೋ ದನಗಳ ಹಿಂಡಿಯನ್ನೋ ತಂದರೆ, ಅದೇ ೮೦ ಕಿಲೋಮೀಟರಿನ ಓಟಕ್ಕೆ ಎರಡು ಹೇರುಗಳು ದೊರೆಯುತ್ತವೆ. ಮೂರು ಮನೆಗಳ ನಾಲ್ಕು ನಾಲ್ಕು ಕ್ವಿಂಟಲ್ ಕೂಡಿದರೆ ಒಂದು ತುಂಬು ಹೇರಾಗುತ್ತದೆ. ಟೈರಿನ ಗಾಳಿಯನ್ನು ಸರಿಯಾಗಿಡುವುದು, ೫೦ರ ವೇಗವನ್ನು ಮೀರದಿರುವುದು ಇವೂ ಡೀಸೆಲ್ಲನ್ನು ಉಳಿಸುತ್ತವೆ. ಈಗ ಪೇಟೆಗೆ ಬಂದಿರುವ ವಿದ್ಯುತ್ ಸರಕುಗಾಡಿಗಳ ಓಡುವ ವೆಚ್ಚ ಕಡಿಮೆ, ಕೊಳ್ಳುವ ಬೆಲೆ ಹೆಚ್ಚು. ಅವೂ ದಿನವೂ ಬಹುದೂರ ದುಡಿಯುವವರಿಗೆ ಒಗ್ಗುತ್ತವೆಯೇ ಹೊರತು ನಿಂತೇ ಇರುವವರಿಗಲ್ಲ.

ನಾವು ಹಿಡಿದ ಅಂಕಿಗಳು ಉದಾಹರಣೆಯವು. ನಿಮ್ಮ ಊರಿನ ದೂರ, ಬಾಡಿಗೆ, ಬೆಲೆ ಬೇರೆಯಾಗಿರುತ್ತವೆ. ವಿದ್ಯಾರ್ಥಿಗಳಾದ ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯ ಮುಂದೆಯೇ ಇಂಥ ಗಾಡಿ ನಿಂತಿದ್ದೀತು. ಒಂದು ವಹಿಯನ್ನು ತೆಗೆದುಕೊಂಡು ಒಂದು ವರ್ಷದ ಕಿಲೋಮೀಟರು, ಲೀಟರು, ಕ್ವಿಂಟಲುಗಳನ್ನು ಬರೆದಿಡಿ; ನಿಂತ ವೆಚ್ಚವನ್ನು ಅಪ್ಪನನ್ನೋ ಅಣ್ಣನನ್ನೋ ಕೇಳಿ ಬದಿಗೆ ಗುರುತಿಸಿ. ಬಂಕಿನ ಫಲಕದ ಮೇಲಿನ ಅಂಕಿಗಿಂತ ಆ ವಹಿಯ ಕೊನೆಯ ಪುಟದ ಅಂಕಿಯೇ ಗಾಡಿಯ ಭವಿಷ್ಯವನ್ನು ಹೇಳತಕ್ಕದ್ದು.