ಆರು ದಿನದ ಉಳಿತಾಯ, ಏಳನೆಯ ದಿನದ ಹೋಳಿಗೆ

ತೂಕ ಇಳಿಸಿಕೊಳ್ಳಬೇಕೆಂದು ಸಂಕಲ್ಪ ಮಾಡಿದವರಿಗೆ ನಮ್ಮ ಸೀಮೆಯಲ್ಲಿ ಎದುರಾಗುವ ದೊಡ್ಡ ತೊಡಕೆಂದರೆ ಪಂಕ್ತಿಯ ಊಟ. ಮಾದಿಹಳ್ಳಿ, ಹಳೇಬೀಡು, ಅರಸೀಕೆರೆಯ ಕಡೆ ಸುಗ್ಗಿ ಮುಗಿಯಿತೆಂದರೆ ಜಾತ್ರೆ, ಮದುವೆ, ಗೃಹಪ್ರವೇಶಗಳ ಕರೆಯೋಲೆಗಳು ಒಂದರ ಹಿಂದೊಂದು ಬರುತ್ತವೆ. ಹೋಗದಿದ್ದರೆ ಬಂಧುಗಳಿಗೆ ಬೇಸರ; ಹೋಗಿ ಉಣ್ಣದಿದ್ದರೆ ಇನ್ನೂ ಹೆಚ್ಚಿನ ಬೇಸರ. ಇದಕ್ಕೆ ಪರಿಹಾರವಾಗಿ ಒಂದು ಲೆಕ್ಕಾಚಾರವು ಈಚೆಗೆ ತರುಣರ ನಡುವೆ ರೂಢಿಗೆ ಬಂದಿದೆ. ವಾರದ ಆರು ದಿನ ತುಸು ಕಡಿಮೆ ಉಂಡು, ಹಾಗೆ ಉಳಿಸಿದ್ದನ್ನು ಏಳನೆಯ ದಿನದ ಹಬ್ಬದೂಟಕ್ಕೆ ವಿನಿಯೋಗಿಸುವುದು. ಇದು ಸರಿಯೇ ಎಂದು ಶ್ರೀಮಠಕ್ಕೆ ಬರುವ ಭಕ್ತರು ಮೇಲಿಂದ ಮೇಲೆ ವಿಚಾರಿಸುತ್ತಿರುವುದರಿಂದ ಈ ಬರಹ.

ಮೊದಲು ಲೆಕ್ಕವನ್ನು ನೋಡೋಣ. ಆಹಾರದಿಂದ ದೊರೆಯುವ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಒಂದು ಗ್ರಾಂ ಪಿಷ್ಟ, ಸಕ್ಕರೆ ಅಥವಾ ಪ್ರೋಟೀನಿನಿಂದ ಸುಮಾರು 4 ಕ್ಯಾಲೊರಿ ದೊರೆತರೆ, ಒಂದು ಗ್ರಾಂ ತುಪ್ಪ ಇಲ್ಲವೇ ಎಣ್ಣೆಯಿಂದ 9 ಕ್ಯಾಲೊರಿ ದೊರೆಯುತ್ತದೆ. ಶರೀರದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳು ಅಡಗಿವೆ. ದಿನಕ್ಕೆ 2,000 ಕ್ಯಾಲೊರಿ ವೆಚ್ಚ ಮಾಡುವ ವ್ಯಕ್ತಿಯು 1,500 ಮಾತ್ರ ಸೇವಿಸಿದರೆ ವಾರಕ್ಕೆ 3,500 ಕೊರತೆಯಾಗಿ, ಅರ್ಧ ಕಿಲೋಗಿಂತ ತುಸು ಕಡಿಮೆ ಕರಗುತ್ತದೆ. ಆ ವ್ಯಕ್ತಿಯ ವಾರದ ಒಟ್ಟು ಸೇವನೆ 10,500. ಅದನ್ನು ಏಳು ಸಮಭಾಗ ಮಾಡಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಆರು ದಿನ 1,350ರಂತೆ ಉಂಡರೆ 8,100 ಆಯಿತು. ಏಳನೆಯ ದಿನಕ್ಕೆ 2,400 ಉಳಿಯಿತು. ಶರೀರವು ಕೊಬ್ಬನ್ನು ಕೂಡಿಡುವುದೂ ಕರಗಿಸುವುದೂ ಅನೇಕ ದಿನಗಳ ಒಟ್ಟು ಆಯವ್ಯಯವನ್ನು ಅನುಸರಿಸಿ ನಡೆಯುವುದರಿಂದ, ಆರೋಗ್ಯವಂತರ ಮಟ್ಟಿಗೆ ಈ ಲೆಕ್ಕ ತಪ್ಪಲ್ಲ.

ಇನ್ನು ನಮ್ಮ ಎಲೆಯ ಮೇಲಿನ ಲೆಕ್ಕ. ಎರಡು ಹೋಳಿಗೆ, ಅದರ ಮೇಲೆ ಧಾರಾಳವಾಗಿ ತುಪ್ಪ, ಒಂದು ಲೋಟ ಪಾಯಸ, ಎರಡು ಬಾರಿ ಅನ್ನ, ಸಾರು, ಪಲ್ಯ, ಕೋಸಂಬರಿ, ಬಜ್ಜಿ, ಹಪ್ಪಳ, ಕೊನೆಗೆ ಮಜ್ಜಿಗೆ. ಎಲ್ಲ ಸೇರಿದರೆ 1,600 ಕ್ಯಾಲೊರಿಗಳ ಆಸುಪಾಸಿಗೆ ಬರುತ್ತದೆ. ಮನೆಯ ಮುದ್ದೆ, ಸೊಪ್ಪಿನ ಸಾರು, ಒಂದಿಷ್ಟು ಅನ್ನದ ಊಟವು 650ರ ಆಸುಪಾಸು. ಅಂದರೆ ಹಬ್ಬದ ಎಲೆಯ ಹೆಚ್ಚುವರಿ ಸುಮಾರು 950. ಇದನ್ನು ಆರು ದಿನಗಳಲ್ಲಿ ಹಂಚಿದರೆ ದಿನಕ್ಕೆ 160 ಉಳಿಸಿದರೆ ಸಾಕು. ಇದಕ್ಕಾಗಿ ಒಂದು ಹೊತ್ತಿನ ಊಟ ಬಿಡಬೇಕಾಗಿಲ್ಲ. ದಿನಕ್ಕೆ ನಾಲ್ಕು ಲೋಟ ಚಹ ಕುಡಿಯುವವರು ನಮ್ಮಲ್ಲಿ ಬಹಳ ಮಂದಿ. ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ 10 ಗ್ರಾಂ, 40 ಕ್ಯಾಲೊರಿ. ನಾಲ್ಕು ಲೋಟದ ಸಕ್ಕರೆ ಬಿಟ್ಟರೆ 160. ಆರು ದಿನ ಹೀಗೆ ಮಾಡಿದರೆ ಹಬ್ಬದ ಎಲೆಯ ಹೆಚ್ಚುವರಿ ಸಂಪೂರ್ಣ ತೀರಿಹೋಗುತ್ತದೆ.

ಉಳಿಸುವುದು ಎಲ್ಲಿಂದ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಅನೇಕರು ಮುದ್ದೆಯನ್ನೂ ಕಾಳನ್ನೂ ಬಿಟ್ಟು, ಚಹ, ಬಿಸ್ಕತ್ತು, ಸಂಜೆಯ ಖಾರಮಂಡಕ್ಕಿಯನ್ನು ಹಾಗೆಯೇ ಇಟ್ಟುಕೊಳ್ಳುತ್ತಾರೆ. ಇದು ತಲೆಕೆಳಗಾದ ಮಾರ್ಗ. ಅವರೆ, ಹುರುಳಿ, ಹೆಸರು, ಮೊಸರು ಬಿಟ್ಟರೆ ಪ್ರೋಟೀನು ಕಡಿಮೆಯಾಗಿ, ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಸೊಪ್ಪು ತರಕಾರಿ ಬಿಟ್ಟರೆ ಹಸಿವೆ ಇಮ್ಮಡಿಯಾಗುತ್ತದೆ.

ಇನ್ನು ಕೆಲವರದು ಇದಕ್ಕಿಂತ ಕಠಿಣವಾದ ದಾರಿ. ಜಾತ್ರೆಗೆ ಮುನ್ನ ಎರಡು ಮೂರು ದಿನ ಬರೀ ನೀರು, ಹಣ್ಣು. ಬಳಿಕ ಪಂಕ್ತಿಯಲ್ಲಿ ಮಿತಿಯಿಲ್ಲದ ಊಟ. ಹಸಿದ ಮನಸ್ಸು ಹೇಗೆ ವರ್ತಿಸುತ್ತದೆಂಬುದಕ್ಕೆ ಪ್ರಸಿದ್ಧವಾದ ಒಂದು ಪ್ರಯೋಗವಿದೆ. 1944ರ ನವೆಂಬರ್‌ನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು ಆರಿಸಿಕೊಂಡು, ಮುಂದೆ 24 ವಾರಗಳ ಕಾಲ ಅವರನ್ನು ಅರೆಹೊಟ್ಟೆಯಲ್ಲಿಟ್ಟರು. ಅವರಿಗೆ ಹಗಲಿರುಳೂ ಅನ್ನದ್ದೇ ಧ್ಯಾನವಾಯಿತು. ಅಡುಗೆ ಪುಸ್ತಕಗಳನ್ನು ಓದುತ್ತ ಕೂತವರೂ ಇದ್ದರು. ನಿರ್ಬಂಧ ತೆಗೆದ ಮೇಲೆ ಎಷ್ಟು ಉಂಡರೂ ಕೆಲವರಿಗೆ ತೃಪ್ತಿಯೇ ಆಗಲಿಲ್ಲ. ಮೂರು ದಿನದ ಉಪವಾಸವು 24 ವಾರಗಳಿಗೆ ಸಮವಲ್ಲ, ನಿಜ. ಆದರೆ ಬರಿಹೊಟ್ಟೆಯಲ್ಲಿ ಹೋಳಿಗೆಯ ಎದುರು ಕುಳಿತವನು ಎರಡಕ್ಕೆ ನಿಲ್ಲಿಸುವುದು ಕಷ್ಟವೆಂಬುದನ್ನು ದಾಸೋಹದಲ್ಲಿ ಬಡಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಹಬ್ಬದ ದಿನ ಬೆಳಗ್ಗೆ ಮಿತವಾದ ಉಪಾಹಾರ ಮಾಡಿಯೇ ಹೊರಡುವುದು ಮೇಲು.

ಊಟದ ಮರುದಿನ ತಕ್ಕಡಿ ಹತ್ತಿ ಗಾಬರಿಯಾಗುವವರಿಗೂ ಒಂದು ಮಾತು. ಒಂದೇ ರಾತ್ರಿಯಲ್ಲಿ ಒಂದೂವರೆ ಕಿಲೋ ಹೆಚ್ಚಿದ್ದರೆ ಅದು ಕೊಬ್ಬಲ್ಲ. ಶರೀರವು ಪಿಷ್ಟವನ್ನು ಕೂಡಿಡುವಾಗ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಇನ್ನಷ್ಟು ನೀರನ್ನು ತಡೆಯುತ್ತದೆ. ಎರಡು ಮೂರು ದಿನಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಅದನ್ನು ಕಂಡು ಮತ್ತೆ ಉಪವಾಸಕ್ಕಿಳಿಯುವುದು ವ್ಯರ್ಥ.

ಮಧುಮೇಹಿಗಳ ವಿಷಯವೇ ಬೇರೆ. ಇದನ್ನು ದಯವಿಟ್ಟು ಗಮನವಿಟ್ಟು ಓದಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಪಂಕ್ತಿಯಲ್ಲಿ ಕುಳಿತ ಹತ್ತು ಹಿರಿಯರಲ್ಲಿ ಒಬ್ಬಿಬ್ಬರಿಗಾದರೂ ಈ ತೊಂದರೆಯಿರುವುದು ಸಹಜ. ತೂಕಕ್ಕೆ ವಾರದ ಲೆಕ್ಕ ಒಪ್ಪುತ್ತದೆ, ರಕ್ತದ ಸಕ್ಕರೆಗೆ ಒಪ್ಪುವುದಿಲ್ಲ. ಆರು ದಿನ ಮಿತವಾಗಿದ್ದರೂ ಏಳನೆಯ ದಿನದ ಹೋಳಿಗೆ, ಪಾಯಸಗಳು ಆ ಹೊತ್ತಿಗೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತವೆ. ಇದಕ್ಕಿಂತ ಅಪಾಯಕರವಾದುದು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಂಡು, ಮಧ್ಯಾಹ್ನದ ಪ್ರಸಾದಕ್ಕೆಂದು ಬೆಳಗಿನ ಆಹಾರ ಬಿಡುವುದು. ಮಹಾಪೂಜೆ ಮುಗಿದು ಪಂಕ್ತಿ ಕೂಡುವ ಹೊತ್ತಿಗೆ ಎರಡು ಗಂಟೆಯಾಗಬಹುದು. ಅಷ್ಟರಲ್ಲಿ ಬೆವರು, ನಡುಕ, ತಲೆಸುತ್ತು ಬಂದು ಪ್ರಜ್ಞೆ ತಪ್ಪುವ ಸಂಭವವಿದೆ. ಅಂಥವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಗರ್ಭಿಣಿಯರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ತೊಂದರೆಯುಳ್ಳವರಿಗೂ ಈ ಉಳಿತಾಯದ ಕ್ರಮ ಸಲ್ಲದು.

ಶರಣಧರ್ಮದ ದೃಷ್ಟಿಯಿಂದ ನೋಡಿದರೆ ಆಯ್ದಕ್ಕಿ ಮಾರಯ್ಯ ದಂಪತಿಗಳ ಪ್ರಸಂಗ ನೆನಪಾಗುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಸ್ವೀಕರಿಸದೆ, ಹೆಚ್ಚಿನದನ್ನು ಇದ್ದಲ್ಲಿಗೇ ಹಿಂದಿರುಗಿಸಲು ಹೇಳಿದರು. ಹಾಗಾದರೆ ಆರು ದಿನ ಉಳಿಸಿ ಏಳನೆಯ ದಿನ ಉಣ್ಣುವುದೂ ಒಂದು ಬಗೆಯ ಕೂಡಿಡುವಿಕೆಯಲ್ಲವೇ ಎಂದು ಒಬ್ಬ ಹಿರಿಯ ಭಕ್ತರು ಕೇಳಿದ್ದುಂಟು. ನನ್ನ ತಿಳಿವಳಿಕೆಯಂತೆ, ಚಹದ ಸಕ್ಕರೆ ಬಿಟ್ಟವರು ತಮಗೆ ಬೇಡದ್ದನ್ನು ಬಿಟ್ಟರೇ ಹೊರತು ಏನನ್ನೂ ಕೂಡಿಡಲಿಲ್ಲ. ಆದರೆ ಆರು ದಿನವೂ ಮನಸ್ಸು ಭಾನುವಾರದ ಎಲೆಯ ಮೇಲೆಯೇ ಇದ್ದರೆ ಆ ಹಿರಿಯರ ಮಾತಿನಲ್ಲಿ ಸತ್ಯವಿದೆ. ಅಂಥವರಿಗೆ ದಿನವೂ ಸಮವಾಗಿ ಉಣ್ಣುವ ಕ್ರಮವೇ ಹಿತ. ತುಮಕೂರಿನ ಸಿದ್ಧಗಂಗೆಯಲ್ಲಿ ನಿತ್ಯ ಸಾವಿರಾರು ಮಕ್ಕಳಿಗೆ ಅನ್ನವಿತ್ತ ಡಾ. ಶಿವಕುಮಾರ ಸ್ವಾಮಿಗಳು ಸ್ವತಃ ಮಿತಾಹಾರಿಗಳಾಗಿದ್ದು, ತಮ್ಮ 111ನೆಯ ವಯಸ್ಸಿನಲ್ಲಿ, 2019ರ ಜನವರಿ 21ರಂದು ಲಿಂಗೈಕ್ಯರಾದರು. 

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅದು ಪ್ರಸಾದವಾಗುವುದು ಅರ್ಪಣೆಯಿಂದ, ಪ್ರಮಾಣದಿಂದಲ್ಲ. ಅರ್ಧ ಹೋಳಿಗೆಯೂ ಪ್ರಸಾದವೇ. ಎಲೆಯಲ್ಲಿ ಹಾಕಿಸಿಕೊಂಡು ಬಿಡುವುದು ಮಾತ್ರ ಸಲ್ಲದು. ಆದ್ದರಿಂದ ಬೇಡವಾದುದನ್ನು ಬಡಿಸುವ ಮೊದಲೇ ಕೈಯೊಡ್ಡಿ ತಡೆಯಬೇಕು. ದಾಸೋಹದಲ್ಲಿ ಸೇವೆ ಸಲ್ಲಿಸುವ ಸದ್ಭಕ್ತರಲ್ಲಿಯೂ ವಿನಂತಿ: ಸಿಹಿಯನ್ನು ಮೊದಲ ಸಾಲಿನಲ್ಲಿ ಚಿಕ್ಕದಾಗಿ ಬಡಿಸಿ, ಕೇಳಿದವರಿಗೆ ಎರಡನೆಯ ಬಾರಿ ನೀಡಿರಿ. ಬೇಡವೆಂದವರನ್ನು “ಇನ್ನೊಂದು ಹಾಕಿಸ್ಕಳಿ” ಎಂದು ಒತ್ತಾಯಪಡಿಸದಿರಿ. ಪೂಜೆ ತಡವಾಗುವ ದಿನಗಳಲ್ಲಿ ಮಧುಮೇಹವಿರುವ ಹಿರಿಯರನ್ನು ಮೊದಲ ಪಂಕ್ತಿಯಲ್ಲಿಯೇ ಕೂರಿಸಿರಿ. ತಲೆಸುತ್ತು ಬಂದವರಿಗೆ ಪ್ರಜ್ಞೆಯಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಿ, ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿರಿ.