ಖಂಡಾಂತರ ಕಾಲ್ಚೆಂಡಾಟವೂ ಆಟದ ಬಯಲೂ

ಒಂದು ಖಂಡದ ಕಪ್ಪನ್ನು ಗೆದ್ದ ಸಂಘವು ಇನ್ನೊಂದು ಖಂಡದ ಕಪ್ಪನ್ನು ಗೆದ್ದ ಸಂಘದೊಡನೆ ಆಡುವ ಕಾಲ್ಚೆಂಡಿನ ಪಂದ್ಯಕ್ಕೆ ಖಂಡಾಂತರ ಪಂದ್ಯವೆಂದು ಹೆಸರು. ಇಲ್ಲಿ ಎದುರುಬದುರಾಗುವವು ದೇಶಗಳಲ್ಲ, ಊರಿನ ಸಂಘಗಳು. ಸಂಘವೆಂದರೇನೆಂಬುದನ್ನು ಅಂಕಲಿಯ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆರೆಯ ಕೊಲ್ಲಾಪುರದಲ್ಲಿ ಪೇಟೆಪೇಟೆಯ ತಾಲೀಮುಗಳು ತಂಡ ಕಟ್ಟಿ ಶಾಹು ಮೈದಾನದಲ್ಲಿ ಆಡುವದನ್ನು ನಮ್ಮಲ್ಲಿ ಅನೇಕರು ಬಲ್ಲರು. ಅಂಥ ಸಂಘವೊಂದು ತನ್ನ ಖಂಡದ ಕಪ್ಪನ್ನು ಗೆದ್ದರೆ ಸಾಗರದಾಚೆಯ ವಿಜಯಿಗಳನ್ನು ಎದುರಿಸುವ ಅಧಿಕಾರವನ್ನು ಪಡೆಯುವದು.

ಈ ಪದ್ಧತಿಯು ೧೯೬೦ರಲ್ಲಿ ಆರಂಭವಾಯಿತು. ಯುರೋಪಿನ ಪರವಾಗಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಸಂಘವೂ ದಕ್ಷಿಣ ಅಮೇರಿಕೆಯ ಪರವಾಗಿ ಉರುಗ್ವೆಯ ಪೆನ್ಯಾರೋಲ್ ಸಂಘವೂ ಆಡಿದವು. ಮೊದಲನೆಯ ಆಟ ಉರುಗ್ವೆಯಲ್ಲಿ ನಡೆದು ಯಾರಿಗೂ ಗೋಲು ದೊರೆಯಲಿಲ್ಲ. ಎರಡನೆಯ ಆಟವನ್ನು ಮ್ಯಾಡ್ರಿಡ್ ತನ್ನ ಊರಲ್ಲಿ ೫-೧ರಿಂದ ಗೆದ್ದಿತು. ಒಂದು ಆಟ ನಿಮ್ಮಲ್ಲಿ, ಒಂದು ನಮ್ಮಲ್ಲಿ ಎಂಬ ಈ ಏರ್ಪಾಡು ನ್ಯಾಯವಾಗಿಯೇ ತೋರುತ್ತಿತ್ತು. ಆದರೆ ಪರಸ್ಥಳದಲ್ಲಿ ಆಡುವವರಿಗೆ ಬೇಗನೆ ಭಯ ಹುಟ್ಟಿತು. ೧೯೬೭ ಮತ್ತು ೧೯೬೯ರಲ್ಲಿ ಆಟವು ಹೊಡೆದಾಟಕ್ಕೆ ತಿರುಗಿತು. ಆಮೇಲೆ ಯುರೋಪಿನ ಕೆಲವು ವಿಜಯಿ ಸಂಘಗಳು ಹೋಗಲಾರೆವೆಂದು ನಿರಾಕರಿಸಿದವು. ಕಡೆಗೆ ೧೯೮೦ರ ಕಪ್ಪಿನಿಂದ ಮುಂದೆ ಎರಡೂ ಪಕ್ಷಗಳಿಗೆ ಪರಸ್ಥಳವಾದ ಜಪಾನಿನಲ್ಲಿ ಒಂದೇ ಪಂದ್ಯವನ್ನಾಡುವ ನಿಯಮವಾಯಿತು. ಅಲ್ಲಿ ಈ ಪಂದ್ಯವು ೨೦೦೪ರ ವರೆಗೆ ನಿರ್ವಿಘ್ನವಾಗಿ ನಡೆಯಿತು. ಆಟಗಾರರ ಬಲದಷ್ಟೇ ಬಯಲಿನ ನ್ಯಾಯವೂ ಮುಖ್ಯವೆಂಬುದು ಇದರಿಂದ ತಿಳಿದುಬರುವದು.

ಕನ್ನಡ ನಾಡಿನ ಸಂಘಗಳು ಈ ಏಣಿಯನ್ನು ಎಷ್ಟು ಏರಿವೆ? ಮುಂಬಯಿಯ ರೋವರ್ಸ ಕಪ್ಪು ಬಹುಕಾಲ ಗೋರಾ ಸೈನಿಕರ ತಂಡಗಳ ಸೊತ್ತಾಗಿತ್ತು. ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಅದನ್ನು ಬೆಂಗಳೂರು ಮುಸ್ಲಿಮ್ಸ್ ಸಂಘವು ಗೆದ್ದು ತಂದಿತು. ಅದಕ್ಕಿಂತ ಮೇಲಿನ ಮೆಟ್ಟಿಲು ದೊರೆಯಲು ದೀರ್ಘಕಾಲ ಹಿಡಿಯಿತು. ೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಸಂಘವು ಮೊದಲ ವರ್ಷವೇ ದೇಶದ ಲೀಗನ್ನೂ, ೨೦೧೫ರಲ್ಲಿ ಫೆಡರೇಶನ್ ಕಪ್ಪನ್ನೂ ಗೆದ್ದಿತು. ೨೦೧೬ರಲ್ಲಿ ಏಶಿಯಾದ ಎ.ಎಫ್.ಸಿ. ಕಪ್ಪಿನ ಉಪಾಂತ್ಯದಲ್ಲಿ ಹಿಂದಿನ ವರ್ಷದ ವಿಜಯಿಗಳಾದ ಮಲೇಶಿಯಾದ ಜೋಹೋರ ಸಂಘವು ಎದುರಾಯಿತು. ಅಕ್ಟೋಬರ ೧೯ರಂದು ಬೆಂಗಳೂರಿನ ಕಂಠೀರವ ಮೈದಾನದಲ್ಲಿ ನಮ್ಮವರು ಅದನ್ನು ೩-೧ರಿಂದ ಸೋಲಿಸಿದರು. ನಾಯಕ ಸುನೀಲ ಛೇತ್ರಿಯವರು ಎರಡು ಗೋಲು ಹೊಡೆದರು. ಈ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಸಂಘವಿದು. ನವಂಬರ ೫ರಂದು ಕತಾರದ ದೋಹಾದಲ್ಲಿ ಇರಾಕಿನ ವಾಯುಸೇನೆಯ ಸಂಘಕ್ಕೆ ಅದು ಒಂದೇ ಗೋಲಿನಿಂದ ಸೋತಿತು. ಎ.ಎಫ್.ಸಿ. ಕಪ್ಪು ಏಶಿಯಾದಲ್ಲಿ ಆಗ ಎರಡನೆಯ ದರ್ಜೆಯದು. ಆದುದರಿಂದ ಖಂಡಾಂತರ ಪಂದ್ಯವು ಇನ್ನೂ ಮೇಲಿತ್ತು. ಆದರೂ ದಾರಿಯುಂಟೆಂಬುದು ಸಿದ್ಧವಾಯಿತು.

ಇದು ಹೆಣ್ಣುಮಕ್ಕಳ ಶಾಲೆಯ ಪುಸ್ತಕವಾದುದರಿಂದ, ಈ ಏಣಿಯು ಅವರಿಗೂ ಉಂಟೇ ಎಂಬ ಪ್ರಶ್ನೆ ಸಹಜವಾದುದು. ೧೯೨೦ರ ಡಿಸೆಂಬರದಲ್ಲಿ ಇಂಗ್ಲಂಡದ ಲಿವರ್‌ಪೂಲಿನಲ್ಲಿ ಎರಡು ಸ್ತ್ರೀ ತಂಡಗಳ ಆಟವನ್ನು ನೋಡಲು ಸುಮಾರು ೫೩,೦೦೦ ಜನರು ಕೂಡಿದ್ದರು. ಮರುವರ್ಷವೇ ಅಲ್ಲಿನ ಕಾಲ್ಚೆಂಡಿನ ಮಂಡಲವು ಈ ಆಟ ಸ್ತ್ರೀಯರಿಗೆ ತಕ್ಕುದಲ್ಲವೆಂದು ಹೇಳಿ, ತನ್ನ ಸಂಘಗಳ ಬಯಲುಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಆ ನಿಷೇಧವು ಸುಮಾರು ಐವತ್ತು ವರ್ಷ ನಿಂತಿತು. ಆಡುವವರ ಕೊರತೆಯಿರಲಿಲ್ಲ, ನೋಡುವವರ ಕೊರತೆಯೂ ಇರಲಿಲ್ಲ, ಬಯಲೊಂದೇ ಇಲ್ಲದಾಯಿತು. ಬಯಲು ಮರಳಿ ದೊರೆತ ಮೇಲೆ ಆದುದನ್ನು ನೋಡಿರಿ. ೨೦೧೨ರಲ್ಲಿ ಯುರೋಪಿನ ವಿಜಯಿಗಳಾದ ಫ್ರಾನ್ಸಿನ ಲಿಯೋಂ ಸಂಘದ ಸ್ತ್ರೀಯರು ಜಪಾನಿನಲ್ಲಿ ಅಲ್ಲಿಯ ಕೋಬೆ ಸಂಘದ ಸ್ತ್ರೀಯರೊಡನೆ ಆಡಿ, ಹೆಚ್ಚಿನ ವೇಳೆಯಲ್ಲಿ ೨-೧ರಿಂದ ಗೆದ್ದರು. ಮರುವರ್ಷ ಕೋಬೆಯವರು ಇಂಗ್ಲಂಡದ ಚೆಲ್ಸಿ ಸಂಘವನ್ನೇ ೪-೨ರಿಂದ ಸೋಲಿಸಿದರು.

ಪಾಲಕರೇ, ಖಂಡಾಂತರದ ಮಾತು ದೂರದ್ದೆಂದು ತೋರಬಹುದು. ಆದರೆ ಅದರ ಮೊದಲ ಮೆಟ್ಟಿಲು ದೋಹಾದಲ್ಲಿಯೂ ಇಲ್ಲ, ಜಪಾನಿನಲ್ಲಿಯೂ ಇಲ್ಲ. ಸಂಜೆಯ ಒಂದು ಗಂಟೆ ಮಗಳಿಗೆ ಬಿಟ್ಟುಕೊಟ್ಟ ಊರ ಬಯಲಿನಲ್ಲಿದೆ. ಎಲ್ಲರೂ ಕಪ್ಪು ಗೆಲ್ಲಲಾರರು. ಹೊರಗಿನವರನ್ನು ಸಮಬಯಲಿನಲ್ಲಿ ಎದುರಿಸಿ, ಗೆದ್ದರೆ ಹಿಗ್ಗದೆ, ಸೋತರೆ ಕುಗ್ಗದೆ ಕೈಕುಲುಕಿ ಬರುವದನ್ನು ಮಾತ್ರ ಎಲ್ಲರೂ ಅಲ್ಲಿ ಕಲಿಯಬಲ್ಲರು. ಹಳೆಯ ವಿದ್ಯಾರ್ಥಿನಿಯರು ತಮ್ಮ ಊರುಗಳಲ್ಲಿ ಅಂಥದೊಂದು ಬಯಲನ್ನು ಹುಡುಗಿಯರಿಗೆ ದೊರಕಿಸಿದರೆ, ಅದೇ ದೊಡ್ಡ ಉಪಕಾರವಾಗುವದು.